ಮಾರಿದ ಮಾಲು ವಾಪಸ್ ಇಲ್ಲವೇ?

ಕೂಲಿ ಹಣ ಕೂಡಿಟ್ಟು ನಾವು ಒಂದು ಮಿಕ್ಸಿ ತರುತ್ತೇವೆ. ಮೂರೇ ದಿನಕ್ಕೆ ಅದು ಕೆಟ್ಟು ನಿಲ್ಲುತ್ತದೆ. ಅಂಗಡಿಗೆ ಹೊತ್ತುಕೊಂಡು ಹೋದರೆ ಸಾಹುಕಾರರು ಬೋರ್ಡು ತೋರಿಸುತ್ತಾರೆ. "ಮಾರಿದ ಮಾಲನ್ನು ವಾಪಸ್ ತೆಗೆದುಕೊಳ್ಳುವುದಿಲ್ಲ." ನಾವು ಸುಮ್ಮನೆ ಮನೆಗೆ ಬರ್ತೇವೆ.

ಅಕ್ಕತಂಗಿಯರೇ, ಆ ಬೋರ್ಡು ಕಾನೂನಲ್ಲ.

ನಮ್ಮ ದೇಶದಲ್ಲಿ 1986ರಲ್ಲೇ ಗ್ರಾಹಕರ ಸಂರಕ್ಷಣಾ ಕಾಯ್ದೆ ಬಂತು. ಗ್ರಾಹಕರು ಅಂದರೆ ಯಾರು? ದುಡ್ಡು ಕೊಟ್ಟು ಕೊಳ್ಳುವ ನಾವೇ. 2019ರಲ್ಲಿ ಹೊಸ ಕಾಯ್ದೆ ಆಯಿತು. 2020ರಲ್ಲಿ ಜಾರಿಗೆ ಬಂತು. ದೋಷ ಇರುವ ಮಾಲನ್ನು ರಸೀದಿಯಲ್ಲಿ ಬರೆದ ದಿನಗಳ ಒಳಗೆ ವಾಪಸ್ ಪಡೆದು ಹಣ ಕೊಡಬೇಕು. ದಿನ ಬರೆದಿಲ್ಲವೇ? ಆಗ 30 ದಿನ. ರಸೀದಿ ಕೊಡದೇ ಇರುವುದೂ ತಪ್ಪು.

ಬೇರೆ ದೇಶದಲ್ಲಿ ಹೇಗಿದೆ? ಇಂಗ್ಲೆಂಡನ್ನು ನೋಡೋಣ. ಅಲ್ಲಿ 2015ರಲ್ಲಿ ಗ್ರಾಹಕರ ಹಕ್ಕುಗಳ ಕಾಯ್ದೆ ಆಯಿತು. ಅಲ್ಲೂ 30 ದಿನದೊಳಗೆ ದೋಷದ ಮಾಲು ಹಿಂತಿರುಗಿಸಿ ಪೂರ್ತಿ ಹಣ ಕೇಳಬಹುದು. ಆಮೇಲೆ ಕೆಟ್ಟರೆ ರಿಪೇರಿ ಮಾಡಿಕೊಡಬೇಕು, ಇಲ್ಲವೇ ಬೇರೆ ಕೊಡಬೇಕು. ಆರು ತಿಂಗಳ ಒಳಗಾದರೆ, "ಕೊಟ್ಟಾಗ ಚೆನ್ನಾಗಿತ್ತು" ಎಂದು ಅಂಗಡಿಯವರೇ ತೋರಿಸಬೇಕು. ಇದು ಅಲ್ಲಿನವರಿಗೆ ದೊಡ್ಡ ಬಲ.

ಅಂಗಡಿಯವರು ಒಪ್ಪದಿದ್ದರೆ? ಇಂಗ್ಲೆಂಡಿನಲ್ಲಿ ಶುಲ್ಕ ಕಟ್ಟಿ ಸಣ್ಣ ಮೊತ್ತದ ಮೊಕದ್ದಮೆ ಹೂಡಬೇಕು. ನಮ್ಮಲ್ಲಿ ಇದಕ್ಕೆಂದೇ ಜಿಲ್ಲಾ ಗ್ರಾಹಕರ ಆಯೋಗ ಇದೆ. 5 ಲಕ್ಷ ರೂಪಾಯಿವರೆಗಿನ ಖರೀದಿಗೆ ಶುಲ್ಕ ಇಲ್ಲ. ವಕೀಲರು ಬೇಕೇ ಬೇಕು ಅಂತಿಲ್ಲ. ನಾವು ವಾಸ ಇರುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಎರಡು ವರ್ಷದ ಒಳಗೆ ಕೊಡಬೇಕು, ಅಷ್ಟೆ.

ಆದರೆ ಒಂದು ಮಾತು ಮುಚ್ಚಿಡಬಾರದು. ಮೂರು ತಿಂಗಳಲ್ಲಿ ತೀರ್ಮಾನ ಮಾಡಲು ಯತ್ನಿಸಬೇಕು ಎನ್ನುತ್ತದೆ ನಮ್ಮ ಕಾಯ್ದೆ. ಎಷ್ಟೋ ದೂರುಗಳು ವರ್ಷಗಟ್ಟಲೆ ಎಳೆಯುತ್ತವೆ. ಅದಕ್ಕೇ ಮೊದಲು 1915ಕ್ಕೆ ಫೋನ್ ಮಾಡೋಣ. ಇದು ಗ್ರಾಹಕರ ಸಹಾಯವಾಣಿ. ಕನ್ನಡದಲ್ಲೇ ಹೇಳಬಹುದು. ಅವರು ಕಂಪನಿಯವರ ಜೊತೆ ಮಾತಾಡಿ ರಾಜಿಗೆ ಯತ್ನಿಸುತ್ತಾರೆ.

ನೋಡಿದಿರಾ? ಎರಡೂ ದೇಶಗಳಲ್ಲಿ ಕಾನೂನು ಇದೆ. ಆದರೆ ಅದು ತಾನಾಗಿ ನಮ್ಮ ಮನೆಗೆ ನಡೆದು ಬರೋದಿಲ್ಲ. ನಾವೇ ಕೇಳಬೇಕು. ಕೇಳುವಾಗ ಕೈಯಲ್ಲಿ ರಸೀದಿ ಇರಬೇಕು.

ನಾವೀಗ ಓದು ಕಲಿತಿದ್ದೇವೆ. ಇನ್ನು ಮೇಲೆ ರಸೀದಿ ಕೇಳಿ ಪಡೆಯೋಣ. ತಾರೀಖು, ಬೆಲೆ, ಅಂಗಡಿ ಹೆಸರು ಓದಿ ನೋಡೋಣ. ರೇಷನ್ ಕಾರ್ಡಿನ ಜೊತೆ ಜೋಪಾನವಾಗಿ ಇಡೋಣ.