ಸೊಂಟಕ್ಕೆ ವಸ್ತ್ರ ಸುತ್ತಿಕೊಂಡ ನಾಯಕ: ಪವಿತ್ರ ಗುರುವಾರದ ಚಿಂತನೆ



ಪವಿತ್ರ ಗುರುವಾರದ ಸಂಜೆ ಗುರುಗಳು ಮೇಲಿನ ಪೂಜಾವಸ್ತ್ರ ತೆಗೆದಿಟ್ಟು, ಸೊಂಟಕ್ಕೆ ವಸ್ತ್ರ ಸುತ್ತಿಕೊಂಡು, ಮೊಣಕಾಲೂರಿ ಪಾದಗಳನ್ನು ತೊಳೆಯುವುದನ್ನು ನಾವು ಬಾಲ್ಯದಿಂದಲೂ ನೋಡುತ್ತಾ ಬಂದಿದ್ದೇವೆ. ಬಲಿಪೂಜೆ ಮುಗಿದ ಮೇಲೆ ಆ ಬೋಗುಣಿ ಕಪಾಟು ಸೇರುತ್ತದೆ. ಅದರ ಅರ್ಥವೂ ಮುಂದಿನ ವರ್ಷದವರೆಗೆ ಅಲ್ಲೇ ಉಳಿದುಬಿಡುತ್ತದೆಯೇ? ಗುರುಗಳೂ ವಿಶ್ವಾಸಿಗಳೂ ಒಟ್ಟಾಗಿ ಕೇಳಿಕೊಳ್ಳಬೇಕಾದ ಪ್ರಶ್ನೆ ಇದು.

ಸಂತ ಯೊವಾನ್ನರ ಶುಭಸಂದೇಶದ 13ನೇ ಅಧ್ಯಾಯದಲ್ಲಿ ಪೇತ್ರ ಮೊದಲು ಪಾದ ತೊಳೆಸಿಕೊಳ್ಳಲು ಒಪ್ಪುವುದಿಲ್ಲ. ಅದು ಆಳುಗಳ ಕೆಲಸ. ನಾಯಕನೆಂದರೆ ಮೇಲೆ ಕುಳಿತಿರಬೇಕಾದವನು ಎಂಬುದು ಅವನ ಎಣಿಕೆ. ಯೇಸು ಅವನ ಪಾದಗಳೊಂದಿಗೆ ಆ ಎಣಿಕೆಯನ್ನೂ ತೊಳೆದರು. ತಾವು ಗುರುವೂ ಪ್ರಭುವೂ ಹೌದೆಂದು ಅವರೇ ಹೇಳಿದರು. ಅಧಿಕಾರವನ್ನು ಅವರು ತ್ಯಜಿಸಲಿಲ್ಲ, ಅದು ಯಾತಕ್ಕಾಗಿ ಇದೆ ಎಂದು ತೋರಿಸಿಕೊಟ್ಟರು.

ಪ್ರೇಷಿತರು ಈ ಪಾಠವನ್ನು ಮರೆಯಲಿಲ್ಲ. ಪ್ರೇಷಿತರ ಕಾರ್ಯಕಲಾಪಗಳ 6ನೇ ಅಧ್ಯಾಯವನ್ನು ನೋಡಿ. ದಿನನಿತ್ಯದ ಹಂಚಿಕೆಯಲ್ಲಿ ತಮ್ಮ ವಿಧವೆಯರನ್ನು ಕಡೆಗಣಿಸಲಾಗುತ್ತಿದೆ ಎಂದು ಗ್ರೀಕ್ ಮಾತನಾಡುವ ವಿಶ್ವಾಸಿಗಳು ಗೊಣಗಿದರು. ಪ್ರೇಷಿತರು ಅದನ್ನು ದ್ರೋಹವೆಂದು ಎಣಿಸಲಿಲ್ಲ. ಎಲ್ಲರನ್ನೂ ಕರೆದು, ಏಳು ಮಂದಿಯನ್ನು ನೀವೇ ಆರಿಸಿ ಎಂದರು. ಅನಂತರ ಪ್ರಾರ್ಥಿಸಿ ಅವರ ಮೇಲೆ ಹಸ್ತವಿಟ್ಟರು. ಆ ಏಳೂ ಹೆಸರುಗಳು ಗ್ರೀಕ್ ಹೆಸರುಗಳು! ಕೊರತೆಯನ್ನು ಕೇಳಿಸಿಕೊಂಡದ್ದರಿಂದ ಪ್ರೇಷಿತರ ಗೌರವ ಕುಗ್ಗಲಿಲ್ಲ. ದೇವರ ವಾಕ್ಯ ಹಬ್ಬಿತು, ಶಿಷ್ಯರ ಸಂಖ್ಯೆ ಬೆಳೆಯಿತು.

ಎರಡನೇ ವ್ಯಾಟಿಕನ್ ಮಹಾಸಭೆ 1964ರಲ್ಲಿ ಧರ್ಮಸಭೆಯ ಕುರಿತು ಪ್ರಕಟಿಸಿದ ಸಂವಿಧಾನದಲ್ಲಿ 2ನೇ ಅಧ್ಯಾಯ ದೇವಪ್ರಜೆಯನ್ನು ಕುರಿತದ್ದು. ಧರ್ಮಾಧ್ಯಕ್ಷರು ಹಾಗೂ ಗುರುಗಳ ಶ್ರೇಣಿಯ ವಿಷಯ ಬರುವುದು 3ನೇ ಅಧ್ಯಾಯದಲ್ಲಿ. ಮೊದಲು ಜ್ಞಾನಸ್ನಾನ, ಆಮೇಲೆ ಹುದ್ದೆ. 1983ರ ಧರ್ಮಸಭೆಯ ಕಾನೂನು ಪ್ರತಿ ಧರ್ಮಕೇಂದ್ರಕ್ಕೂ ಹಣಕಾಸು ಸಮಿತಿ ಕಡ್ಡಾಯವೆಂದಿತು. 2013ರ ಪವಿತ್ರ ಗುರುವಾರದಂದು ಜಗದ್ಗುರು ಫ್ರಾನ್ಸಿಸ್‌ರವರು ರೋಮಿನ ಬಾಲಾಪರಾಧಿಗಳ ಸೆರೆಮನೆಗೆ ಹೋಗಿ ಹನ್ನೆರಡು ಮಂದಿ ಯುವಜನರ ಪಾದಗಳನ್ನು ತೊಳೆದರು. 2016ರಿಂದ ಈ ವಿಧಿಗೆ ಸ್ತ್ರೀಯರನ್ನೂ ಆರಿಸಿಕೊಳ್ಳಲು ಅನುಮತಿ ದೊರೆಯಿತು. 2024ರ ಅಕ್ಟೋಬರ್‌ನಲ್ಲಿ ಮುಗಿದ ಸಿನೊಡ್, ಆಲಿಸುವುದು, ಒಟ್ಟಾಗಿ ವಿವೇಚಿಸುವುದು, ಲೆಕ್ಕ ಒಪ್ಪಿಸುವುದು ಧರ್ಮಸಭೆಯ ನಿತ್ಯದ ರೂಢಿಯಾಗಬೇಕೆಂದು ಕೇಳಿಕೊಂಡಿತು.

ನಮ್ಮ ಧರ್ಮಕೇಂದ್ರಗಳಲ್ಲಿ ಏನಾಗುತ್ತಿದೆ? ತೀರ್ಮಾನ ಮೊದಲೇ ಆಗಿದ್ದು, ಪಾಲನಾ ಸಮಿತಿಯ ಸಭೆಯಲ್ಲಿ ಅದನ್ನು ಓದಿ ಹೇಳುವುದಷ್ಟೇ ನಡೆದರೆ ಅಲ್ಲಿ ಆಲಿಸುವಿಕೆ ಇಲ್ಲ. ಹಬ್ಬದ ಖರ್ಚಿನ ಲೆಕ್ಕ ಕೇಳಿದವನನ್ನು ತಂಟೆಕೋರನೆಂದು ಕರೆದರೆ ಅಲ್ಲಿ ವಿಶ್ವಾಸ ಸೊರಗುತ್ತದೆ. ಅಂಥವನು ಜಗಳವಾಡದೆ ಕ್ರಮೇಣ ಹಿಂದಿನ ಬೆಂಚಿಗೆ ಸರಿಯುತ್ತಾನೆ, ಒಂದು ಭಾನುವಾರ ಬರುವುದನ್ನೇ ನಿಲ್ಲಿಸುತ್ತಾನೆ. ಅವನ ಮಕ್ಕಳೂ ಬರುವುದಿಲ್ಲ. ನಾವು ಕಳೆದುಕೊಳ್ಳುವುದು ಹೀಗೆ.

ತಪ್ಪು ಗುರುಗಳದು ಮಾತ್ರವಲ್ಲ. "ಎಲ್ಲವನ್ನೂ ಸ್ವಾಮಿಗಳೇ ನೋಡಿಕೊಳ್ಳಲಿ" ಎಂದು ಕೈತೊಳೆದುಕೊಳ್ಳುವವರೂ ನಾವೇ. ಸಮಿತಿಯ ಸ್ಥಾನ ಸಿಕ್ಕೊಡನೆ ಚಿಕ್ಕ ಪಾಳೇಗಾರರಾಗುವವರೂ ನಾವೇ. ಪಾದ ತೊಳೆಯಬೇಕಾದದ್ದು ಒಬ್ಬರ ಪಾದವನ್ನೊಬ್ಬರು ಎಂಬುದು ಪ್ರಭುವಿನ ಆಜ್ಞೆ.

ಆದ್ದರಿಂದ ಈ ವರ್ಷ ಒಂದು ಸಣ್ಣ ಹೆಜ್ಜೆ ಇಡೋಣ. ಮುಂದಿನ ಸಭೆಯಲ್ಲಿ ಇದುವರೆಗೆ ಬಾಯಿ ತೆರೆಯದವರ ಮಾತನ್ನು ಮೊದಲು ಕೇಳೋಣ: ಒಬ್ಬ ವಿಧವೆ, ಒಬ್ಬ ಕೂಲಿಕಾರ, ಕಾಲೇಜಿಗೆ ಹೋಗುವ ಒಬ್ಬ ಹುಡುಗಿ. ಕೇಳಿದ ಬಳಿಕ ತೀರ್ಮಾನಿಸೋಣ. ನಮ್ಮ ಪಾದಗಳನ್ನು ತೊಳೆದ ಪ್ರಭು ನಮ್ಮ ಕಿವಿಗಳನ್ನೂ ತೆರೆಯಲಿ.