ಕಡಲಾಚೆ ಹುಟ್ಟಿದವರು

ಕ್ರಿ.ಶ. 1351ರಲ್ಲಿ, ಎಂದರೆ ಮಹಾಮಾರಿ ಪ್ಲೇಗು ಯೂರೋಪಿನ ಊರೂರುಗಳನ್ನು ಬರಿದುಮಾಡಿ ಇನ್ನೂ ಎರಡು ವರ್ಷ ಕಳೆಯುವಷ್ಟರಲ್ಲಿ, ಇಂಗ್ಲೆಂಡಿನ ದೊರೆ ಮೂರನೆಯ ಎಡ್ವರ್ಡನ ಪಾರ್ಲಿಮೆಂಟು ಕಡಲಾಚೆ ಹುಟ್ಟಿದ ಮಕ್ಕಳನ್ನು ಕುರಿತು ಒಂದು ಶಾಸನವನ್ನು ಮಾಡಿತು. ದೊರೆಯ ಸೀಮೆಯ ಹೊರಗೆ ಜನಿಸಿದ ಮಕ್ಕಳು ತಂದೆತಾಯಿಗಳ ಆಸ್ತಿಗೆ ಹಕ್ಕುದಾರರಾದಾರೋ ಇಲ್ಲವೋ ಎಂಬ ಸಂದೇಹ ಆ ಕಾಲದಲ್ಲಿ ಎದ್ದಿದ್ದಿತು. ತಂದೆತಾಯಿಗಳಿಬ್ಬರೂ ದೊರೆಗೆ ನಿಷ್ಠರಾಗಿದ್ದಲ್ಲಿ ಮಗು ಎಲ್ಲಿ ಹುಟ್ಟಿದರೂ ದಾಯಕ್ಕೆ ಅರ್ಹವೆಂದು ಶಾಸನ ಉದಾರವಾಗಿ ಸಾರಿ, ಸಾರಿದ ಉಸಿರಿನಲ್ಲಿಯೇ ಒಂದು ಷರತ್ತನ್ನೂ ಸೇರಿಸಿತು: ಆ ಮಗುವಿನ ತಾಯಿ ಗಂಡನ ಅನುಮತಿಯನ್ನು ಪಡೆದೇ ಕಡಲು ದಾಟಿರತಕ್ಕದ್ದು. ಇಂದಿನ ಓದುಗ ಇದನ್ನು ಕಂಡು ನಗಬಹುದು. ಆದರೆ ಶಿಶುವಿನ ಹಕ್ಕು ರಕ್ತದಿಂದಲೇ ಬರತಕ್ಕದ್ದೆಂದು ಒಪ್ಪಿದ ಮೇಲೆಯೂ ಆ ರಕ್ತಕ್ಕೆ ಹಿರಿಯರಿಂದ ಒಂದು ಸಾಕ್ಷ್ಯವನ್ನು, ಒಂದು ಒಪ್ಪಿಗೆಯನ್ನು, ಒಂದು ಮುದ್ರೆಯನ್ನು ಕೇಳುವ ರಾಜ್ಯದ ಸ್ವಭಾವ ಆ ಷರತ್ತಿನಲ್ಲಿ ಮೊತ್ತಮೊದಲು ಇಣುಕಿದೆಯೆಂದು ನನಗೆ ತೋರುತ್ತದೆ. ಆ ಸ್ವಭಾವ ಏಳು ಶತಮಾನಗಳಾಗುತ್ತ ಬಂದರೂ ಬದಲಾಗಿಲ್ಲ.

ನಮ್ಮ ಸಂವಿಧಾನ 1950ರ ಜನವರಿ 26ರಂದು ಜಾರಿಗೆ ಬಂದಿತೆಂಬುದು ಶಾಲಾಬಾಲಕರೂ ಬಲ್ಲ ಮಾತು; ಪೌರತ್ವಕ್ಕೆ ಸಂಬಂಧಿಸಿದ 5ರಿಂದ 9ರವರೆಗಿನ ವಿಧಿಗಳು ಮಾತ್ರ ಅದಕ್ಕೆ ಎರಡು ತಿಂಗಳು ಮುಂಚೆ, 1949ರ ನವೆಂಬರ್ 26ರಂದೇ, ಜೀವ ತಳೆದುವೆಂಬುದು ಅಷ್ಟಾಗಿ ಪ್ರಚಾರದಲ್ಲಿಲ್ಲ. ಗಣರಾಜ್ಯ ಹುಟ್ಟುವ ಮೊದಲು ಅದರ ಪ್ರಜೆಗಳಾರೆಂಬುದು ಗೊತ್ತಾಗಿರಬೇಕಷ್ಟೆ. ಕರಡುಸಮಿತಿಗೆ ಈ ವಿಷಯ ತಂದಿತ್ತ ತಲೆನೋವನ್ನು ಅಂಬೇಡ್ಕರರು ಸಂವಿಧಾನಸಭೆಯಲ್ಲಿ ಬಾಯಿಬಿಟ್ಟು ಹೇಳಿಕೊಂಡಿದ್ದರು. ದೇಶವಿಭಜನೆಯ ಗಾಯ ಹಸಿಯಾಗಿದ್ದ ಆ ದಿನಗಳಲ್ಲಿ ಅವರೆಲ್ಲರ ಗಮನ ಗಡಿ ದಾಟಿ ಬಂದವರ ಮೇಲೆಯೂ ಹೋದವರ ಮೇಲೆಯೂ ನೆಟ್ಟಿದ್ದುದು ಸಹಜ. ಅಷ್ಟಾಗಿಯೂ 8ನೆಯ ವಿಧಿಯಲ್ಲಿ ಅವರು ಕಡಲಾಚೆಯವರಿಗೊಂದು ಬಾಗಿಲನ್ನು ತೆರೆದಿಟ್ಟರು. ತಾನಾಗಲಿ, ತನ್ನ ತಂದೆತಾಯಿಗಳಲ್ಲೊಬ್ಬರಾಗಲಿ, ಅಜ್ಜ ಅಜ್ಜಿಯರಲ್ಲೊಬ್ಬರಾಗಲಿ ಅವಿಭಕ್ತ ಭಾರತದಲ್ಲಿ ಹುಟ್ಟಿದ್ದು, ಹೊರದೇಶದಲ್ಲಿ ವಾಸಿಸುತ್ತಿರುವವನು ಅಲ್ಲಿಯ ಭಾರತೀಯ ರಾಜಪ್ರತಿನಿಧಿಯ ಬಳಿ ಹೆಸರು ನೋಂದಾಯಿಸಿಕೊಂಡರೆ ಭಾರತದ ಪೌರನಾಗುತ್ತಿದ್ದನು. ಅಜ್ಜಿಯವರೆಗೂ ಕೈಚಾಚಿದ ಔದಾರ್ಯ ಈ ವಿಧಿಯದು.

ಅನಂತರ ಬಂದ ಕಾನೂನು 1955ರ ಪೌರತ್ವ ಅಧಿನಿಯಮ. ಭಾರತದ ನೆಲದಲ್ಲಿ ಹುಟ್ಟಿದವರೆಲ್ಲರನ್ನೂ, ಅತ್ಯಲ್ಪ ವಿನಾಯಿತಿಗಳೊಡನೆ, ಪೌರರೆಂದು ಕರೆದ ಆ ಕಾನೂನು ಮೂಲತಃ ಮಣ್ಣಿನ ನ್ಯಾಯವನ್ನೇ ನಂಬಿದ್ದಿತು. ಹೊರಗೆ ಹುಟ್ಟಿದವರಿಗಾಗಿ 4ನೆಯ ಪ್ರಕರಣದಲ್ಲಿ ರಕ್ತದ ನ್ಯಾಯಕ್ಕೂ ಒಂದು ಸ್ಥಾನವನ್ನು ಕೊಟ್ಟಿತು. ಮಗು ಹುಟ್ಟಿದ ಕಾಲದಲ್ಲಿ ತಂದೆ ಭಾರತದ ಪೌರನಾಗಿದ್ದರೆ ಮಗುವೂ ಭಾರತದ ಪೌರನೇ. ಅರ್ಜಿಯೂ ಬೇಡ, ಶುಲ್ಕವೂ ಬೇಡ. ತಂದೆಯೂ ಅದೇ ರೀತಿ ಹೊರಗೆ ಹುಟ್ಟಿ ವಂಶದ ಬಲದಿಂದ ಮಾತ್ರವೇ ಪೌರನಾದವನಾಗಿದ್ದಲ್ಲಿ ಮಗುವಿನ ಜನನವನ್ನು ಒಂದು ವರ್ಷದೊಳಗೆ ದೂತಾವಾಸದಲ್ಲಿ ನೋಂದಾಯಿಸಬೇಕಾಗಿತ್ತು, ಇಲ್ಲವೆ ತಂದೆ ಸರ್ಕಾರದ ಸೇವೆಯಲ್ಲಿರಬೇಕಾಗಿತ್ತು. ಮೊದಲ ತಲೆಮಾರಿಗೆ ನಂಬಿಕೆ, ಎರಡನೆಯದಕ್ಕೆ ಕಾಗದ: ಇದು ಅಂದಿನ ಏರ್ಪಾಡು.

ತಾಯಿಯ ಹೆಸರು ಈ ಪ್ರಕರಣದಲ್ಲಿ ಎಲ್ಲಿಯೂ ಇಲ್ಲವೆಂಬುದನ್ನು ಓದುಗರು ಗಮನಿಸಿರಬಹುದು. ಗೋತ್ರವೂ ಮನೆತನದ ಹೆಸರೂ ತಂದೆಯಿಂದಲೇ ಇಳಿದುಬರುವ ಪ್ರಾಂತಗಳ ಜನಕ್ಕೆ ಇದೊಂದು ಲೋಪವಾಗಿ ಕಂಡಿರಲಾರದು. ಆದರೆ ಇದೇ ಭಾರತದ ಪಶ್ಚಿಮ ಕರಾವಳಿಯಲ್ಲಿ, ಅಳಿಯಸಂತಾನದ ತುಳುನಾಡಿನಲ್ಲಿ, ಮಗು ಯಾವ ಬಳಿಗೆ, ಎಂದರೆ ಯಾವ ಕುಲಕ್ಕೆ, ಸೇರಿದುದೆಂಬುದನ್ನು ತಾಯಿಯೇ ನಿರ್ಣಯಿಸುತ್ತಿದ್ದಳು. ಮನೆತನದ ಆಸ್ತಿ ಸೋದರಮಾವನಿಂದ ಸೋದರಳಿಯನಿಗೆ ಇಳಿಯುತ್ತಿದ್ದಿತು. ಹೀಗಿರಲು ಮಂಗಳೂರಿನ ಬಂಟರ ಹೆಣ್ಣುಮಗಳೊಬ್ಬಳು ಲಂಡನಿನಲ್ಲಿ ವಿದೇಶೀಯನನ್ನು ವರಿಸಿ ಅಲ್ಲಿಯೇ ಹೆತ್ತಳೆನ್ನೋಣ: ತರವಾಡುಮನೆಯ ದೈವದೆದುರು ಆ ಮಗು ತಾಯಿಯ ಬಳಿಯದೇ ಆಗುತ್ತಿತ್ತು, ದೆಹಲಿಯ ಕಾನೂನಿನೆದುರು ಮಾತ್ರ ಅದು ಅನ್ಯದೇಶದ್ದು. ಈ ಅಸಮತೆ ನೀಗಲು 1992ರ ತಿದ್ದುಪಡಿ ಬರಬೇಕಾಯಿತು. ಆ ವರ್ಷದ ಡಿಸೆಂಬರ್ 10ರಿಂದ ಮೊದಲ್ಗೊಂಡು ತಂದೆತಾಯಿಗಳಲ್ಲಿ ಯಾರೊಬ್ಬರು ಭಾರತೀಯರಾದರೂ ಸಾಕೆಂದಾಯಿತು. ಆದರೆ ಕಾನೂನು ಹಿಂದಕ್ಕೆ ತಿರುಗಿ ನೋಡಲಿಲ್ಲ. ಆದ್ದರಿಂದ ಅಂತಹ ತಾಯಿಯೊಬ್ಬಳಿಗೆ 1991ರಲ್ಲಿ ಹುಟ್ಟಿದ ಮಗಳು ಪರದೇಶದವಳಾಗಿಯೂ 1993ರಲ್ಲಿ ಹುಟ್ಟಿದ ಮಗ ಭಾರತೀಯನಾಗಿಯೂ ಒಂದೇ ಮನೆಯಲ್ಲಿ ಬೆಳೆಯುವ ವಿಚಿತ್ರ ಸಂದರ್ಭಕ್ಕೆ ಎಡೆಯಾಯಿತು. ನ್ಯಾಯವನ್ನು ತಡವಾಗಿ ಮಾಡುವವರು ತಡವಾದುದರ ಬಾಕಿಯನ್ನೂ ತೀರಿಸಬೇಕೆಂಬುದು ನನ್ನ ಮತ. ಶಾಸಕರ ಮತ ಬೇರೆಯಾಗಿದ್ದಿತು. ನಮ್ಮಲ್ಲಿ ಇಷ್ಟಾದರೂ ಆಯಿತು; ಕುವೈತ್, ಕತಾರ್ ಮೊದಲಾದ ದೇಶಗಳಲ್ಲಿ ತಂದೆಯ ರಕ್ತವೊಂದೇ ರಕ್ತವೆಂಬ ನಿಯಮ ಇಂದಿಗೂ ನಡೆದುಬರುತ್ತಿದೆ.

2003ರ ತಿದ್ದುಪಡಿ 2004ರ ಡಿಸೆಂಬರ್ 3ರಂದು ಜಾರಿಗೆ ಬಂದ ಮೇಲೆ ಪರಿಸ್ಥಿತಿ ಇನ್ನೊಂದು ತಿರುವನ್ನು ಪಡೆಯಿತು. ಅಂದಿನಿಂದ ಹೊರಗೆ ಹುಟ್ಟುವ ಪ್ರತಿಯೊಂದು ಮಗುವಿನ ಜನನವನ್ನೂ, ತಂದೆತಾಯಿಗಳು ಬೆಂಗಳೂರಿನಲ್ಲಿ ಹುಟ್ಟಿ ಬೆಳೆದವರೇ ಆಗಿರಲಿ, ಒಂದು ವರ್ಷದೊಳಗೆ ಭಾರತದ ದೂತಾವಾಸದಲ್ಲಿ ನೋಂದಾಯಿಸಬೇಕು; ಅವಧಿ ಮೀರಿದರೆ ಕೇಂದ್ರ ಸರ್ಕಾರದ ಅನುಮತಿ ಬೇಕು; ಮಗುವಿಗೆ ಬೇರೆ ಯಾವ ದೇಶದ ಪಾಸ್‌ಪೋರ್ಟೂ ಇಲ್ಲವೆಂದು ತಂದೆತಾಯಿಗಳು ಬರೆದುಕೊಡಬೇಕು. ರಕ್ತ ತಾನಾಗಿಯೇ ಮಾತನಾಡುತ್ತಿದ್ದ ಕಾಲ ಅಲ್ಲಿಗೆ ಮುಗಿಯಿತು.

ಈ ಒಂದು ವರ್ಷದ ಅವಧಿ ಯಾರ ಮೇಲೆ ಅತ್ಯಂತ ಭಾರವಾಗಿ ಬೀಳುತ್ತದೆಂಬುದನ್ನು ತಿಳಿಯಬೇಕಾದರೆ ಕೊಲ್ಲಿಯ ದೇಶಗಳ ಕಡೆಗೆ ನೋಡಬೇಕು. ಭಟ್ಕಳದಿಂದ ಉಳ್ಳಾಲದವರೆಗಿನ ನಮ್ಮ ಕರಾವಳಿಯಲ್ಲಿ ಗಲ್ಫಿಗೆ ಯಾರೂ ಹೋಗದ ಬೀದಿಯನ್ನು ಹುಡುಕುವುದು ಕಷ್ಟ. ಆ ದೇಶಗಳಲ್ಲಿ ಎಷ್ಟು ದಶಕ ದುಡಿದರೂ ದುಡಿದವನಿಗೆ ಪೌರತ್ವ ಬರುವುದು ಅತಿ ವಿರಳ. ಅಲ್ಲಿಯ ಆಸ್ಪತ್ರೆಯಲ್ಲಿ ಹುಟ್ಟಿದ ಮಾತ್ರಕ್ಕೆ ಮಗುವಿಗೂ ಯಾವ ಹಕ್ಕೂ ಹುಟ್ಟುವುದಿಲ್ಲ. ಆದಕಾರಣ ದುಬೈಯಲ್ಲಿಯೋ ದಮ್ಮಾಮಿನಲ್ಲಿಯೋ ಹುಟ್ಟಿದ ಕನ್ನಡದ ಮಗುವಿಗೆ ಇರತಕ್ಕ ಪೌರತ್ವ ಒಂದೇ, ಅದು ಭಾರತದ್ದು; ಅದೂ ನೋಂದಣಿಯ ಪುಸ್ತಕದಲ್ಲಿ ಹೆಸರು ಬಿದ್ದ ಮೇಲೆಯೇ. ವೀಸಾವೂ ಇಕಾಮಾ ಎಂಬ ವಾಸದ ಪರವಾನಗಿಯೂ ಕ್ರಮವಾಗಿರುವ ಕುಟುಂಬಕ್ಕೆ ಇದು ಕಷ್ಟವೇನಲ್ಲ: ಅಲ್ಲಿಯ ಸರ್ಕಾರದ ಜನನ ಪ್ರಮಾಣಪತ್ರ, ತಂದೆತಾಯಿಗಳ ಪಾಸ್‌ಪೋರ್ಟುಗಳು, ವಿವಾಹದ ದಾಖಲೆ ಇವನ್ನು ಹಿಡಿದು ಹೋದರೆ ನೋಂದಣಿಯೂ ಹಸುಗೂಸಿನ ಪಾಸ್‌ಪೋರ್ಟೂ ಜೊತೆಜೊತೆಗೇ ಆಗಿಬಿಡುತ್ತವೆ. ಆದರೆ ವಿವಾಹದ ದಾಖಲೆಯೇ ಇಲ್ಲದವಳು, ಪಾಸ್‌ಪೋರ್ಟನ್ನು ಮಾಲೀಕನ ಕೈಗೆ ಒಪ್ಪಿಸಿದವಳು, ವೀಸಾ ಮುಗಿದು ದಂಡದ ಭಯದಿಂದ ಮರೆಯಲ್ಲಿರುವವಳು, ಇಂಥ ತಾಯಿಯ ಮಗುವಿಗೆ ಆಸ್ಪತ್ರೆಯ ಕಾಗದವೇ ದೊರೆಯದಿರಬಹುದು. ಅದು ದೊರೆಯದೆ ದೂತಾವಾಸದ ಕಾಗದ ದೊರೆಯದು. ವರ್ಷವಂತೂ ಯಾರಿಗಾಗಿಯೂ ಕಾಯದು. ಮೋಸಗಾರರನ್ನು ತಡೆಯಲು ಕಟ್ಟಿದ ಬೇಲಿಗೆ ಮೊದಲು ಸಿಕ್ಕಿಕೊಳ್ಳುವವರು ಬಡವರೇ ಎಂಬುದು ನಮ್ಮ ಕಚೇರಿಗಳ ಹಳೆಯ ಅನುಭವ.

ಹಾಗೆಂದು ಈ ತಿದ್ದುಪಡಿಯಲ್ಲಿ ಗುಣವೇ ಇಲ್ಲವೆಂದು ಹೇಳಿದರೆ ಅನ್ಯಾಯವಾದೀತು. ಮೊದಲ ತಲೆಮಾರಿಗೂ ಕಾಗದವನ್ನು ಕಡ್ಡಾಯಗೊಳಿಸಿದ ಈ ಕಾನೂನು ತಲೆಮಾರುಗಳಿಗೆ ಮೇರೆಯನ್ನು ಮಾತ್ರ ಹಾಕಲಿಲ್ಲ. ಅಜ್ಜ ಕುವೈತಿಗೆ ಹೋದವನು, ಮಗ ಅಲ್ಲಿ ಹುಟ್ಟಿ ಅಲ್ಲಿಯ ಭಾರತೀಯ ಶಾಲೆಯಲ್ಲಿ ಓದಿದವನು, ಮೊಮ್ಮಗ ಊರನ್ನು ಬೇಸಗೆಯ ರಜೆಯಲ್ಲಿ ಮಾತ್ರ ಕಂಡವನು. ಪ್ರತಿಯೊಂದು ಜನನವೂ ಸಕಾಲದಲ್ಲಿ ನೋಂದಣಿಯಾಗಿದ್ದರೆ ಆ ಮೊಮ್ಮಗನ ಮಗನೂ ಉಡುಪಿಯ ಮಣ್ಣಿನಲ್ಲಿ ಹುಟ್ಟಿದವನಷ್ಟೇ ಪೂರ್ಣವಾದ ಭಾರತೀಯ. ಈ ವಿಷಯದಲ್ಲಿ ಇತರ ರಾಷ್ಟ್ರಗಳ ಮನಸ್ಸು ಇಷ್ಟು ಸ್ಥಿರವಾಗಿಲ್ಲ. ಕೆನಡಾ 2009ರಲ್ಲಿ ಹೊರಗೆ ಹುಟ್ಟಿದ ಮೊದಲ ತಲೆಮಾರಿಗೇ ರಕ್ತದ ಹಕ್ಕನ್ನು ನಿಲ್ಲಿಸಿತು. ಅದು ಅಲ್ಲಿಯ ಸಂವಿಧಾನಕ್ಕೆ ವಿರುದ್ಧವೆಂದು 2023ರ ಡಿಸೆಂಬರಿನಲ್ಲಿ ಒಂಟಾರಿಯೋದ ನ್ಯಾಯಾಲಯ ತೀರ್ಪಿತ್ತಿತು. ಜರ್ಮನಿ 1999ರ ಕೊನೆಯ ದಿನ ಕಳೆದ ಮೇಲೆ ಹೊರಗೆ ಹುಟ್ಟಿ ಹೊರಗೇ ನೆಲೆಸಿರುವ ತನ್ನ ಪೌರರ ಮಕ್ಕಳಿಗೆ ನಮ್ಮಂತೆಯೇ ಒಂದು ವರ್ಷದ ನೋಂದಣಿಯನ್ನು ವಿಧಿಸಿತು. 1861ರಲ್ಲಿ ಒಂದಾದ ಇಟಲಿ, ಅಂದಿನಿಂದ ಈಚೆಗೆ ಪೌರನಾಗಿದ್ದ ಯಾವ ಪೂರ್ವಜನನ್ನು ತೋರಿಸಿದವರಿಗೂ ಬಾಗಿಲು ತೆರೆಯುತ್ತಿದ್ದು, ಅರ್ಜೆಂಟೈನಾ ಬ್ರೆಜಿಲ್‌ಗಳಿಂದ ಬಂದ ಅರ್ಜಿಗಳ ಪ್ರವಾಹವನ್ನು ತಾಳಲಾರದೆ 2025ರಲ್ಲಿ ಅಜ್ಜ ಅಜ್ಜಿಯರ ತಲೆಮಾರಿನಲ್ಲಿ ಗೆರೆ ಎಳೆಯಿತು.

ರಕ್ತದ ನ್ಯಾಯಕ್ಕೆ ಇನ್ನೊಂದು ಮುಖವೂ ಉಂಟು. ಅದು ಕೂಡಿಸಿಕೊಳ್ಳುವ ಮುಖವಲ್ಲ. ಸಿಂಹಳ ಸ್ವತಂತ್ರವಾದ 1948ರಲ್ಲಿಯೇ ಅಲ್ಲಿಯ ಪಾರ್ಲಿಮೆಂಟು ಮಾಡಿದ ಪೌರತ್ವ ಕಾನೂನು ಆ ದ್ವೀಪದಲ್ಲಿ ಹುಟ್ಟಿದ ಮಾತ್ರಕ್ಕೆ ಯಾರನ್ನೂ ಪೌರರೆಂದು ಒಪ್ಪಲಿಲ್ಲ. ತಂದೆ ಅಲ್ಲಿಯೇ ಹುಟ್ಟಿದುದನ್ನು, ಇಲ್ಲವೆ ಅಜ್ಜನೂ ಮುತ್ತಜ್ಜನೂ ಅಲ್ಲಿಯೇ ಹುಟ್ಟಿದುದನ್ನು ತೋರಿಸಬೇಕೆಂದಿತು. ಬ್ರಿಟಿಷರು ಕಾಫಿ ಮತ್ತು ಚಹಾ ತೋಟಗಳಿಗಾಗಿ ಕರೆದೊಯ್ದ ತಮಿಳು ಕೂಲಿಗಳಲ್ಲಿ ಯಾರ ಬಳಿ ಅಜ್ಜನ ಜನನಪತ್ರವಿದ್ದೀತು? 1964ರಲ್ಲಿ ಲಾಲ್ ಬಹಾದುರ್ ಶಾಸ್ತ್ರಿಗಳೂ ಸಿರಿಮಾವೊ ಬಂಡಾರನಾಯಕೆಯೂ ಒಪ್ಪಂದಕ್ಕೆ ಕುಳಿತಾಗ ಯಾವ ದೇಶಕ್ಕೂ ಸೇರದವರೆಂದು ಲೆಕ್ಕಕ್ಕೆ ಬಂದವರು 9,75,000 ಮಂದಿ. ಅವರಲ್ಲಿ 5,25,000 ಜನರನ್ನು ಭಾರತವೂ 3,00,000 ಜನರನ್ನು ಸಿಂಹಳವೂ ಸ್ವೀಕರಿಸುವುದೆಂದು ನಿರ್ಧಾರವಾಗಿ, ಉಳಿದವರ ಗತಿಯನ್ನು ಮುಂದೆ ನೋಡೋಣವೆಂದು ಬಿಡಲಾಯಿತು. ಹಾಗೆ ಮರಳಿ ಬಂದವರಲ್ಲಿ ಒಂದಷ್ಟು ಸಂಸಾರಗಳು ಸುಳ್ಯ ಪುತ್ತೂರುಗಳ ಕಾಡಂಚಿನಲ್ಲಿ, ಸರ್ಕಾರದ ರಬ್ಬರ್ ತೋಟಗಳಲ್ಲಿ, ಟ್ಯಾಪಿಂಗ್ ಕೆಲಸಕ್ಕೆ ನಿಂತುವು. ಮರಳಿ ಬಂದವರೆಂದು ನಾವು ಹೇಳುವುದು ರೂಢಿ; ಅವರಲ್ಲಿ ಬಹುಮಂದಿ ಅದಕ್ಕೆ ಮೊದಲು ಭಾರತವನ್ನು ಕಂಡೇ ಇರಲಿಲ್ಲ. ದ್ವೀಪದಲ್ಲಿ ಹುಟ್ಟಿದವರನ್ನು ವಂಶದ ಮಾತೆತ್ತಿ ಅನ್ಯರೆಂದದ್ದು ಒಂದು ರಾಜ್ಯ. ಅದೇ ವಂಶದ ಮಾತನ್ನು ಹಿಡಿದು ತನ್ನವರೆಂದು ಬರೆದುಕೊಂಡದ್ದು ಮತ್ತೊಂದು ರಾಜ್ಯ. ತೋಟದ ಸಾಲುಮನೆಗಳಲ್ಲಿದ್ದವರನ್ನು ಕೇಳಿ ಈ ಹಂಚಿಕೆ ನಡೆದುದಲ್ಲ.

ಮಣ್ಣೂ ರಕ್ತವೂ ಒಂದೇ ಮಗುವಿನ ಮೇಲೆ ಹಕ್ಕು ಸಾಧಿಸಿದಾಗ ತೊಡಕಿನ ಬಗೆ ಬೇರೆ. ಅಮೆರಿಕೆಯಲ್ಲಿ ನೆಲೆಸಿರುವ ಕನ್ನಡದ ದಂಪತಿಗಳಿಗೆ ಅಲ್ಲಿ ಹುಟ್ಟಿದ ಮಗುವನ್ನು 1868ರ ಹದಿನಾಲ್ಕನೆಯ ತಿದ್ದುಪಡಿಯ ಪ್ರಕಾರ ಆ ದೇಶ ತನ್ನ ಪೌರನೆಂದು ಎಣಿಸುತ್ತ ಬಂದಿದೆ. ಆ ಸಂಪ್ರದಾಯವನ್ನು ಮೊಟಕುಗೊಳಿಸಲು 2025ರ ಜನವರಿಯಲ್ಲಿ ಅಧ್ಯಕ್ಷರು ಹೊರಡಿಸಿದ ಆಜ್ಞೆ ಕೂಡಲೇ ನ್ಯಾಯಾಲಯಗಳ ಮೆಟ್ಟಿಲೇರಿತು. ಆ ಮಗುವನ್ನು ಭಾರತೀಯನೆಂದು ನೋಂದಾಯಿಸಲು ನಮ್ಮ ಕಾನೂನಿನಲ್ಲಿ ಅಡ್ಡಿಯಿಲ್ಲ, ಅದಕ್ಕೆ ಅಮೆರಿಕದ ಪಾಸ್‌ಪೋರ್ಟನ್ನು ಮಾಡಿಸಿರದಿದ್ದರೆ ಸಾಕು. ಆದರೆ ಅಮೆರಿಕದ ಕಾನೂನು ತನ್ನ ಪೌರರು ಗಡಿ ದಾಟುವಾಗ ತನ್ನದೇ ಪಾಸ್‌ಪೋರ್ಟನ್ನು ಹಿಡಿದಿರಬೇಕೆನ್ನುತ್ತದೆ. ಆದ್ದರಿಂದ ಅಜ್ಜಿಯ ಮನೆಗೆ ಹೋಗಿಬರುವ ಮೊದಲ ಪ್ರಯಾಣದ ಹೊತ್ತಿಗೇ ತಂದೆತಾಯಿಗಳು ಒಂದು ಪಕ್ಷವನ್ನು ಹಿಡಿಯಬೇಕಾಗುತ್ತದೆ; ಬಹುಪಾಲಿನವರು ಅಮೆರಿಕದ ಪಾಸ್‌ಪೋರ್ಟನ್ನು ಪಡೆದು, ಮಗುವಿಗೆ ಸಾಗರೋತ್ತರ ಭಾರತೀಯ ಪೌರನೆಂಬ ಓಸಿಐ ಕಾರ್ಡನ್ನು ಮಾಡಿಸಿ ಸಮಾಧಾನಪಡುತ್ತಾರೆ. ಹೆಸರಿನಲ್ಲಿ ಪೌರನೆಂದಿದ್ದರೂ ಆ ಕಾರ್ಡಿಗೆ ಮತವಿಲ್ಲ, ರಾಜ್ಯಾಧಿಕಾರದ ಹುದ್ದೆಗಳಿಲ್ಲ, ಕೃಷಿಭೂಮಿಯನ್ನು ಕೊಳ್ಳುವ ಅವಕಾಶವಿಲ್ಲ.

ಇಂಥದೇ ಇಕ್ಕಟ್ಟಿನ ಒಂದು ವ್ಯಾಜ್ಯ 2024ರ ಅಕ್ಟೋಬರಿನಲ್ಲಿ ಸರ್ವೋಚ್ಚ ನ್ಯಾಯಾಲಯದಲ್ಲಿ ಇತ್ಯರ್ಥವಾಯಿತು. ಭಾರತೀಯ ದಂಪತಿಗಳು 1998ರ ಡಿಸೆಂಬರಿನಲ್ಲಿ ಸಿಂಗಾಪುರದ ಪೌರತ್ವವನ್ನು ಪಡೆದರು. ಆಗ ಗರ್ಭದಲ್ಲಿದ್ದ ಅವರ ಮಗ ಮರುವರ್ಷದ ಮಾರ್ಚಿಯಲ್ಲಿ ಹುಟ್ಟಿದನು. ತಂದೆತಾಯಿಗಳು ಪೌರತ್ವವನ್ನು ಬಿಟ್ಟುಕೊಟ್ಟುದರಿಂದ ತಾನೂ ಪೌರತ್ವವನ್ನು ಕಳೆದುಕೊಂಡ ಮಗು ಪ್ರಾಪ್ತವಯಸ್ಸಿಗೆ ಬಂದ ಒಂದು ವರ್ಷದೊಳಗೆ ಅದನ್ನು ಮರಳಿ ಪಡೆಯಬಹುದೆಂದು ಅಧಿನಿಯಮದ 8ನೆಯ ಪ್ರಕರಣ ಹೇಳುತ್ತದೆ. ಈ ತರುಣ ಬೆಳೆದು ಆ ಹಕ್ಕನ್ನು ಕೇಳಿದನು. ಮದ್ರಾಸಿನ ಉಚ್ಚ ನ್ಯಾಯಾಲಯ ಅವನ ಕಡೆಗೆ ಒಲಿಯಿತು. ಸರ್ವೋಚ್ಚ ನ್ಯಾಯಾಲಯ ಒಲಿಯಲಿಲ್ಲ: ಇಲ್ಲಿ ತಂದೆತಾಯಿಗಳು ಘೋಷಣೆ ಬರೆದು ಪೌರತ್ವವನ್ನು ತ್ಯಜಿಸಿದವರಲ್ಲ, ಅನ್ಯದೇಶದ ಪೌರತ್ವವನ್ನು ಸ್ವೀಕರಿಸಿದ ಕ್ಷಣದಲ್ಲಿಯೇ ಕಾನೂನು ತಾನಾಗಿ ಅವರ ಪೌರತ್ವವನ್ನು ಕೊನೆಗೊಳಿಸಿತು, ಆದುದರಿಂದ 8ನೆಯ ಪ್ರಕರಣ ಅವರ ಮಗನಿಗೆ ಅನ್ವಯಿಸದು. ತರ್ಕದ ದೃಷ್ಟಿಯಿಂದ ತೀರ್ಪಿನಲ್ಲಿ ನನಗೆ ದೋಷ ಕಾಣದು. ಅಂಥವರಿಗೆ ಕಾನೂನಿನಲ್ಲಿ ಬೇರೊಂದು ದಾರಿಯೂ ಇದೆ. ಯಾರ ತಂದೆಯೋ ತಾಯಿಯೋ ಒಮ್ಮೆ ಸ್ವತಂತ್ರ ಭಾರತದ ಪೌರರಾಗಿದ್ದರೋ ಅವರು ಹನ್ನೆರಡು ತಿಂಗಳು ಇಲ್ಲಿ ವಾಸಿಸಿ ನೋಂದಣಿಗೆ ಅರ್ಜಿ ಕೊಡಬಹುದು. ಆದರೆ ಮಗುವಿನ ಪಾಲಿಗೆ ತ್ಯಾಗಕ್ಕೂ ಸ್ವೀಕಾರಕ್ಕೂ ಏನು ವ್ಯತ್ಯಾಸವೆಂಬ ಪ್ರಶ್ನೆಗೆ ಉತ್ತರ ಕೊಡಬೇಕಾದುದು ಪಾರ್ಲಿಮೆಂಟು.

ನೋಂದಣಿಯಾಗಿ ಭಾರತೀಯನೆನಿಸಿಕೊಂಡ ಮಗುವಿಗೂ ನಿಶ್ಚಿಂತೆಯಿಲ್ಲ. ಅದು ಹುಟ್ಟಿದ ದೇಶವೂ ಅದನ್ನು ತನ್ನ ಪೌರನೆಂದು ಎಣಿಸುತ್ತಿದ್ದರೆ, ಹದಿನೆಂಟು ತುಂಬಿದ ಆರು ತಿಂಗಳೊಳಗೆ ಆ ದೇಶದ ಪೌರತ್ವವನ್ನು ತ್ಯಜಿಸದ ಪಕ್ಷದಲ್ಲಿ ಭಾರತದ ಪೌರತ್ವ ಸದ್ದಿಲ್ಲದೆ ಮುಗಿದುಹೋಗುತ್ತದೆ. ಹುಟ್ಟಿದಾಗಿನಿಂದ ಎಲ್ಲವನ್ನೂ ಅದರ ಪರವಾಗಿ ಹಿರಿಯರು ಬರೆದರು, ಹಿರಿಯರು ಸಹಿ ಹಾಕಿದರು. ಅದು ತಾನೇ ಬಾಯಿತೆರೆದು ಮಾತನಾಡಬೇಕಾದ ಏಕೈಕ ಸಂದರ್ಭಕ್ಕೆ ಕೊಟ್ಟ ಕಾಲ ಆರು ತಿಂಗಳು, ಅದೂ ಪರೀಕ್ಷೆ ಕಾಲೇಜುಗಳ ಗಡಿಬಿಡಿಯಲ್ಲಿರುವ ವಯಸ್ಸಿನಲ್ಲಿ. ಇದಕ್ಕೆ ನನ್ನದೊಂದು ಸಣ್ಣ ಸಲಹೆಯುಂಟು. ಜನನವನ್ನು ನೋಂದಾಯಿಸಿಕೊಂಡ ದಿನದಂದೇ ಆ ಕೊನೆಯ ದಿನಾಂಕವನ್ನೂ ಪ್ರಮಾಣಪತ್ರದ ಮುಖದ ಮೇಲೆ ದಪ್ಪ ಅಕ್ಷರದಲ್ಲಿ ಬರೆದುಕೊಡಲಿ. ಹದಿನೆಂಟು ತುಂಬುವ ವರ್ಷ ದೂತಾವಾಸದಿಂದ ಆ ಹುಡುಗನಿಗೆ, ಅವನ ತಂದೆಯ ಹೆಸರಿಗಲ್ಲದೆ ಅವನದೇ ಹೆಸರಿಗೆ, ಒಂದು ಪತ್ರ ಹೋಗಲಿ. ವಿಳಾಸ ಬದಲಾಗಿದ್ದೀತೆಂಬ ಆಕ್ಷೇಪಕ್ಕೆ ಬೆಲೆಯಿಲ್ಲ. ನೋಂದಣಿಯ ಪುಸ್ತಕವೂ ಪಾಸ್‌ಪೋರ್ಟಿನ ದಾಖಲೆಯೂ ಒಂದೇ ಸರ್ಕಾರದ ಕೈಯಲ್ಲಿವೆ.