ಉದುಮಲಪೇಟೆಯ ಕೊಲೆ ಮೊಕದ್ದಮೆ: ಸರಪಳಿ ಕಡಿದುದೆಲ್ಲಿ?

ಕೊಯಮುತ್ತೂರು ಎಂದರೆ ನಮ್ಮ ಕಡೆಯವರಿಗೆ ಗಿರಣಿಗಳ ಊರು. ಆದರೆ ನ್ಯಾಯಾಲಯದ ದಾರಿಯಲ್ಲೂ ಆ ಸೀಮೆಗೂ ನಮಗೂ ಹಳೆಯ ನಂಟೊಂದಿದೆ. 1956ರ ರಾಜ್ಯ ಪುನರ್ವಿಂಗಡಣೆಯ ತನಕ ಕಾಸರಗೋಡು ದಕ್ಷಿಣ ಕನ್ನಡ ಜಿಲ್ಲೆಯ ತಾಲೂಕಾಗಿತ್ತು. ಕನ್ನಡದ ಕೊಳ್ಳೇಗಾಲ ಕೊಯಮುತ್ತೂರು ಜಿಲ್ಲೆಗೆ ಸೇರಿತ್ತು. ಎರಡೂ ಕಡೆಯ ಕೊಲೆ ಮೊಕದ್ದಮೆಗಳ ಅಪೀಲು ಮದ್ರಾಸು ಹೈಕೋರ್ಟಿಗೇ ಹೋಗುತ್ತಿತ್ತು. ಅದೇ ಹೈಕೋರ್ಟು 2020ರ ಜೂನ್ 22ರಂದು ಕೊಟ್ಟ ಒಂದು ತೀರ್ಪಿನ ಬಗ್ಗೆ ಇಲ್ಲಿ ನಾಲ್ಕು ಮಾತು ಬರೆಯುತ್ತಿದ್ದೇವೆ.

ಘಟನೆ ವಾಚಕರಿಗೆ ನೆನಪಿರಬಹುದು. 2016ರ ಮಾರ್ಚ್ 13, ಭಾನುವಾರ. ತಿರುಪ್ಪೂರು ಜಿಲ್ಲೆಯ ಉದುಮಲಪೇಟೆಯ ಬಸ್ ನಿಲ್ದಾಣದ ಬಳಿ ಹಾಡುಹಗಲೇ ದಂಪತಿಗಳ ಮೇಲೆ ಮಚ್ಚಿನ ಹಲ್ಲೆ ನಡೆಯಿತು. ಗಂಡ ಶಂಕರ್ ಹತ್ತಿರದ ಕುಮಾರಲಿಂಗಂನ ದಲಿತ ಯುವಕ, ಇಂಜಿನಿಯರಿಂಗ್ ವಿದ್ಯಾರ್ಥಿ. ಹೆಂಡತಿ ಕೌಸಲ್ಯಾ ಪಳನಿಯ ಸವರ್ಣ ಮನೆತನದ ಹುಡುಗಿ. ಮದುವೆಯಾಗಿ ಎಂಟು ತಿಂಗಳಾಗಿತ್ತಷ್ಟೆ. ಶಂಕರ್ ಕೊಯಮುತ್ತೂರಿನ ಆಸ್ಪತ್ರೆ ತಲುಪುವ ಮುನ್ನವೇ ತೀರಿಕೊಂಡರು. ತಲೆಗೆ ಏಟು ಬಿದ್ದ ಕೌಸಲ್ಯಾ ಬದುಕಿ ಉಳಿದರು. ಉಳಿದು, ಹೆತ್ತವರ ವಿರುದ್ಧವೇ ಸಾಕ್ಷಿ ಹೇಳಿದರು.

ಆರೋಪಿಗಳು 11 ಮಂದಿ. ತಿರುಪ್ಪೂರಿನ ಸೆಶನ್ಸ್ ನ್ಯಾಯಾಲಯ 2017ರ ದಶಂಬರ 12ರಂದು ಆರು ಮಂದಿಗೆ ಮರಣದಂಡನೆ ವಿಧಿಸಿತು. ಅವರಲ್ಲಿ ಕೌಸಲ್ಯಾ ಅವರ ತಂದೆಯೂ ಒಬ್ಬರು. ತಾಯಿ, ಸೋದರಮಾವ ಮತ್ತು ಇನ್ನೊಬ್ಬರನ್ನು ಅಲ್ಲಿಯೇ ಬಿಡುಗಡೆ ಮಾಡಲಾಗಿತ್ತು. ಮರಣದಂಡನೆ ಹೈಕೋರ್ಟಿನ ದೃಢೀಕರಣವಿಲ್ಲದೆ ಜಾರಿಯಾಗದು ಎಂಬುದು ನಮ್ಮ ಕಾನೂನು. ಹಾಗಾಗಿ ಇಂಥ ಮೊಕದ್ದಮೆಯಲ್ಲಿ ಹೈಕೋರ್ಟು ಸಾಕ್ಷ್ಯವನ್ನೆಲ್ಲ ಮೊದಲಿನಿಂದ ತೂಗಿ ನೋಡಬೇಕಾಗುತ್ತದೆ. ಹಾಗೆ ತೂಗಿ ನೋಡಿದ ನ್ಯಾಯಮೂರ್ತಿಗಳಾದ ಎಂ. ಸತ್ಯನಾರಾಯಣನ್ ಮತ್ತು ಎಂ. ನಿರ್ಮಲ್ ಕುಮಾರ್ ಅವರು ತಂದೆಯನ್ನು ಬಿಡುಗಡೆ ಮಾಡಿದರು. ಹಲ್ಲೆ ನಡೆಸಿದ ಐವರ ಮರಣದಂಡನೆಯನ್ನು ಜೀವಾವಧಿಗೆ ಇಳಿಸಿ, ಕನಿಷ್ಠ 25 ವರ್ಷ ಯಾವ ರಿಯಾಯಿತಿಯೂ ಕೂಡದೆಂದು ಕಟ್ಟಳೆ ಹಾಕಿದರು.

"ಕಡಿದವರಿಗೆ ಶಿಕ್ಷೆ, ಕಳುಹಿಸಿದವರಿಗೆ ಇಲ್ಲವೆ?" ಎಂದು ಅಂದು ಬಹಳ ಮಂದಿ ಕೇಳಿದರು. ಕೇಳಬೇಕಾದ ಪ್ರಶ್ನೆಯೇ. ಉತ್ತರ ಇರುವುದು ಸಾಕ್ಷ್ಯದ ಜಾತಿಯಲ್ಲಿ. ಕಡಿದವರ ವಿರುದ್ಧ ಗಾಯಗೊಂಡ ಹೆಂಡತಿಯ ಕಣ್ಣಾರೆ ಕಂಡ ಸಾಕ್ಷ್ಯವಿತ್ತು. ರಸ್ತೆ ಬದಿಯ ಕ್ಯಾಮರಾದಲ್ಲಿ ಹಲ್ಲೆಯ ಚಿತ್ರವೂ ಸಿಕ್ಕಿತ್ತು. ತಂದೆಯ ವಿರುದ್ಧ ಇದ್ದುದು ಒಳಸಂಚಿನ ಆರೋಪ. ಪಳನಿಯಲ್ಲಿ ಆರೋಪಿಗಳನ್ನು ಭೇಟಿಯಾದದ್ದು, ಫೋನ್ ಕರೆಗಳು, ಬ್ಯಾಂಕಿನಿಂದ ತೆಗೆದ ಹಣ, ವಸತಿಗೃಹದ ಕೋಣೆ, ಇವೇ ಪ್ರಾಸಿಕ್ಯೂಷನ್ ಪೋಣಿಸಿದ ಸಂಗತಿಗಳು. ಎಲ್ಲವೂ ಸಾಂದರ್ಭಿಕ.

ಸಾಂದರ್ಭಿಕ ಸಾಕ್ಷ್ಯವೆಂದರೆ ಕೀಳು ಸಾಕ್ಷ್ಯವೆಂದು ಯಾರೂ ತಿಳಿಯಬಾರದು. ಒಳಸಂಚು ನಾಲ್ಕು ಜನರ ಎದುರು ನಡೆಯುವುದಿಲ್ಲ, ಅದಕ್ಕೆ ನೇರ ಸಾಕ್ಷಿ ಸಿಗುವುದೇ ಅಪರೂಪ ಎಂಬುದನ್ನು ಸುಪ್ರೀಂ ಕೋರ್ಟೇ ಒಪ್ಪಿದೆ. ನಮ್ಮ ನೆರೆಯ ಬಂಟ್ವಾಳದ 'ಸಯನೈಡ್ ಮೋಹನ'ನ ಮೊಕದ್ದಮೆಗಳನ್ನೇ ನೋಡಿರಿ. ಬಸ್ ನಿಲ್ದಾಣಗಳ ಶೌಚಾಲಯದಲ್ಲಿ ಹೆಣವಾಗಿ ಸಿಕ್ಕ ಹೆಣ್ಣುಮಕ್ಕಳು ವಿಷ ಸೇವಿಸುವುದನ್ನು ಕಂಡವರಿರಲಿಲ್ಲ. ಆದರೂ ಮಂಗಳೂರಿನ ನ್ಯಾಯಾಲಯ 2013ರಲ್ಲಿ ಅವನನ್ನು ಅಪರಾಧಿಯೆಂದು ಸಾರಿತು.

ಆದರೆ ಇಂಥ ಸಾಕ್ಷ್ಯಕ್ಕೆ ಅಳತೆಗೋಲು ಬಲು ಬಿಗಿ. 1952ರ ಹನುಮಂತ ನರಗುಂದಕರ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಅದನ್ನು ಹೇಳಿತು. (ಹೆಸರಿನಲ್ಲಿ ನರಗುಂದವಿದ್ದರೂ ಮೊಕದ್ದಮೆ ಮಧ್ಯಪ್ರದೇಶದ್ದು, ಕೊಲೆಯದ್ದೂ ಅಲ್ಲ, ಕಾಗದಪತ್ರಗಳ ಫೋರ್ಜರಿಯದ್ದು.) 1984ರಲ್ಲಿ ಶರದ್ ಬಿರ್ಧಿಚಂದ್ ಸಾರ್ಡಾ ಪ್ರಕರಣದಲ್ಲಿ ನ್ಯಾಯಮೂರ್ತಿ ಫಜಲ್ ಅಲಿ ಅದನ್ನು ಐದು ಸೂತ್ರಗಳಾಗಿ ಬಿಡಿಸಿ ಇಟ್ಟರು. ತಿರುಳು ಇಷ್ಟು: ಪ್ರತಿಯೊಂದು ಸಂಗತಿಯೂ ಪೂರ್ತಿಯಾಗಿ ರುಜುವಾತಾಗಬೇಕು, ಎಲ್ಲವೂ ಸೇರಿ ಆರೋಪಿಯತ್ತ ಮಾತ್ರ ಬೆರಳು ತೋರಿಸಬೇಕು, ಅವನು ನಿರಪರಾಧಿ ಎನ್ನಲು ಸಮಂಜಸವಾದ ಎಡೆಯೇ ಉಳಿಯಬಾರದು. ಶಂಕೆ ಎಷ್ಟೇ ಬಲವಾಗಿದ್ದರೂ ಪುರಾವೆಯ ಜಾಗದಲ್ಲಿ ಕೂರಲಾರದು.

ಹೈಕೋರ್ಟಿನ ದೃಷ್ಟಿಯಲ್ಲಿ ತಂದೆಯ ಮಟ್ಟಿಗೆ ಈ ಸರಪಳಿ ಕೂಡಿಬರಲಿಲ್ಲ. ತಂದೆ ಹಣ ತೆಗೆದಿರಬಹುದು. ಆ ಹಣವೇ ಹಂತಕರ ಕೈ ಸೇರಿತೆಂದು ತೋರಿಸಬೇಡವೆ? ಮಗಳ ಮದುವೆಯ ಮೇಲಿನ ಸಿಟ್ಟು ಕೊಲೆಗೆ ಉದ್ದೇಶವಾಗಬಹುದು ನಿಜ. ಆದರೆ ಅಂಥ ಸಿಟ್ಟು ಒಂದು ಮನೆತನಕ್ಕೇ, ಕೆಲವೊಮ್ಮೆ ಒಂದು ಕೇರಿಗೇ ಇರುತ್ತದೆ. ಅವರಲ್ಲಿ ಇಂಥವನೇ ಎಂದು ಹೇಳಲು ಸಿಟ್ಟೊಂದೇ ಸಾಲದು.

ಹೀಗೆಂದ ಮಾತ್ರಕ್ಕೆ ಮನಸ್ಸಿಗೆ ಸಮಾಧಾನವಾಗುವುದಿಲ್ಲವೆಂಬುದನ್ನು ನಾವು ಬಲ್ಲೆವು. ಕೂಲಿಗೆ ಕೊಲ್ಲಲು ಬಂದವರಾದರೆ ಕೂಲಿ ಕೊಟ್ಟವರೊಬ್ಬರು ಇರಲೇಬೇಕಲ್ಲ! ತೀರ್ಪು ಈ ಪ್ರಶ್ನೆಯನ್ನು ಅಳಿಸಿಲ್ಲ, ಉತ್ತರವಿಲ್ಲದೆ ಬಿಟ್ಟಿದೆ. ನಮಗೆ ತೋರುವಂತೆ ಇಂಥ ಕಡೆ ದೂರು ಸಲ್ಲಬೇಕಾದ್ದು ತೂಗಿ ನೋಡಿದ ನ್ಯಾಯಾಲಯಕ್ಕಿಂತ ಹೆಚ್ಚಾಗಿ ತನಿಖೆಯ ದಾರಿಗೆ. ಮನೆಯವರ ಸಂಚನ್ನು ಆರೋಪಿಸುವಾಗ ಫೋನಿನ ದಾಖಲೆ, ಹಣದ ಜಾಡು, ಕೋಣೆಯ ರಿಜಿಸ್ಟ್ರಿ ಇವನ್ನು ಮೊದಲ ವಾರದಲ್ಲೇ ಭದ್ರಪಡಿಸದಿದ್ದರೆ, ನಾಲ್ಕು ವರ್ಷದ ನಂತರ ಅಪೀಲಿನಲ್ಲಿ ಯಾವ ವಕೀಲನೂ ಅದನ್ನು ಹೊಲಿಯಲಾರ.

ಭಾಷಾ ಅಲ್ಪಸಂಖ್ಯಾಕರಾದ ನಮಗೆ ಇಲ್ಲಿ ಇನ್ನೊಂದು ಮಾತಿದೆ. ಸಾಂದರ್ಭಿಕ ಮೊಕದ್ದಮೆಯಲ್ಲಿ "ಆಗ ನೋಡಿದೆ", "ಮೊದಲೇ ನೋಡಿದ್ದೆ" ಎಂಬ ಮಾತಿನ ವ್ಯತ್ಯಾಸವೂ ಕೊಂಡಿಯಾಗುತ್ತದೆ. ಸಾಕ್ಷ್ಯ ಆರೋಪಿಗೆ ತಿಳಿಯದ ಭಾಷೆಯಲ್ಲಿ ನಡೆದರೆ ಅದನ್ನು ತೆರೆದ ನ್ಯಾಯಾಲಯದಲ್ಲಿ ಅವನಿಗೆ ತಿಳಿಯುವ ಭಾಷೆಯಲ್ಲಿ ವಿವರಿಸಬೇಕೆಂದು ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ 279ನೆಯ ಕಲಮು ಹೇಳುತ್ತಿತ್ತು. 2024ರ ಜುಲೈ 1ರಿಂದ ಜಾರಿಯಾದ ಹೊಸ ಸಂಹಿತೆಯಲ್ಲಿ ಅದು 314ನೆಯ ಕಲಮು. ಮಲಯಾಳದ ನಡುವೆ ನಾವಿರುವಂತೆ ತಮಿಳಿನ ನಡುವೆ ಇರುವ ಕೊಯಮುತ್ತೂರಿನ ದೇವಾಂಗ, ಒಕ್ಕಲಿಗ ಕನ್ನಡಿಗರಿಗೂ ಈ ಹಕ್ಕಿದೆ, ಕೇಳಿ ಪಡೆಯಬೇಕು.

ಹೈಕೋರ್ಟಿನ ತೀರ್ಪಿನ ಮೇಲೆ ತಮಿಳುನಾಡು ಸರಕಾರ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿತು. ಹೋರಾಟ ನಿಲ್ಲದೆಂದು ಕೌಸಲ್ಯಾ ಕೂಡ ಹೇಳಿದರು. ಬಿಡುಗಡೆಯ ವಿರುದ್ಧದ ಅಪೀಲು ಶಿಕ್ಷೆಯ ವಿರುದ್ಧದ ಅಪೀಲಿಗಿಂತ ಕಡಿದಾದ ಏರು. ಒಂದೇ ಸಾಕ್ಷ್ಯದಿಂದ ಎರಡು ಸಮಂಜಸವಾದ ಅಭಿಪ್ರಾಯಗಳು ಹೊರಡುವಂತಿದ್ದರೆ ಆರೋಪಿಗೆ ಅನುಕೂಲವಾದದ್ದನ್ನೇ ಹಿಡಿಯಬೇಕು ಎಂಬುದು ಅಲ್ಲಿನ ನಿಯಮ.